ನನ್ನ ಕಿವಿಗೆ ಊರೆಲ್ಲ ವೈದ್ಯರು

ಸ್ಪಿರಿಟ್ಟಿನ ವಾಸನೆ ಬಂದರೆ ಸಾಕು, ನನ್ನ ಎಡಗೈ ತಾನಾಗಿ ಕಿವಿಗೆ ಹೋಗುತ್ತದೆ. ಮೊನ್ನೆ ಪುತ್ತೂರಿನ ಮೆಡಿಕಲ್ ಶಾಪಿನಲ್ಲಿ ಕೆಮ್ಮಿನ ಔಷಧಿಗೆಂದು ನಿಂತಿದ್ದಾಗಲೂ ಹಾಗೇ ಆಯಿತು. ನಿಮಗೂ ಇಂಥ ಅಭ್ಯಾಸವೊಂದು ಇರಬಹುದು; ನನ್ನದಕ್ಕೆ ಕಾರಣ ಮಾತ್ರ ನನ್ನದೇ ಬುದ್ಧಿಗೇಡಿತನ.

ಕಾಲೇಜಿನ ದಿನಗಳು. ಇದ್ದ ತೂತು ಸಾಲದೆಂದು ಕಿವಿಯ ಮೇಲಂಚಿನಲ್ಲಿ ಇನ್ನೊಂದು ಚುಚ್ಚಿಸಿಕೊಂಡೆ, ಅದೂ ಬಳೆ, ಕ್ಲಿಪ್ಪು ಮಾರುವ ಅಂಗಡಿಯಲ್ಲಿ. ಗಾಯ ಒಣಗಿತು. ಆದರೆ ಅಲ್ಲೊಂದು ಗಂಟು ಎದ್ದಿತು. ಮೊದಲು ಮೆಣಸಿನ ಕಾಳಿನಷ್ಟು, ಆಮೇಲೆ ಕಡಲೆಯಷ್ಟು, ವರ್ಷ ತುಂಬುವಾಗ ನೆಲ್ಲಿಕಾಯಿಯಷ್ಟು. ತುರಿಕೆ ಬೇರೆ.

ಸವಣೂರಿನ ದೊಡ್ಡಮ್ಮ ನೋಡಿದ ಕೂಡಲೇ ತೀರ್ಪು ಕೊಟ್ಟರು: “ಎಂತದೂ ಇಲ್ಲ ಮಾರಾಯ್ತಿ. ಸುಣ್ಣ, ಅರಸಿನ ಕಲಸಿ ಹಾಕು. ವಾರದಲ್ಲಿ ಉದುರಿ ಹೋಗ್ತದೆ.”

ಗಂಟು ಉದುರಲಿಲ್ಲ, ಚರ್ಮ ಸುಟ್ಟಿತು. “ನೀನು ನಂಬಿಕೆ ಇಟ್ಟು ಹಾಕ್ಲಿಲ್ಲ” ಎಂದರು. ದೊಡ್ಡಮ್ಮನ ಔಷಧಿ ಎಂದೂ ಸೋತದ್ದಿಲ್ಲ. ಸೋಲುವುದು ಯಾವಾಗಲೂ ರೋಗಿಯೇ. ಮುಂದೆ ಕಡಬದ ಕಡೆಯ ಒಬ್ಬ ಕೈಗುಣದವನ ಬಳಿ ಅವರೇ ಕರೆದೊಯ್ದರು. ಆತ ನನ್ನ ಹೆಸರು ಕೇಳುವ ಮೊದಲೇ ಬ್ಲೇಡು ಹಿಡಿದ. “ಒಂದು ಚೂರೂ ನೋಯುದಿಲ್ಲ” ಎಂದ. ನಾನು ಚೀರಿದ್ದು ರಸ್ತೆಗೆ ಕೇಳಿಸಿತಂತೆ. ನಾಲ್ಕೇ ತಿಂಗಳಲ್ಲಿ ಗಂಟು ಮರಳಿತು, ಮೊದಲಿಗಿಂತ ದಪ್ಪವಾಗಿ. ಆಡಲು ಕೂದಲು ಎತ್ತಿ ಕಟ್ಟಬೇಕಲ್ಲ ಎಂದು ತ್ರೋಬಾಲ್ ತಂಡವನ್ನೇ ಬಿಟ್ಟೆ. ನನ್ನ ಜಾಣತನವೂ ಅಷ್ಟರದ್ದೇ.

ಕೊನೆಗೆ ಪುತ್ತೂರಿನ ಚರ್ಮದ ಡಾಕ್ಟರರ ಬಳಿ ಹೋದೆ. ಆಕೆ ಬೆರಳಿನಿಂದ ಒತ್ತಿ ನೋಡಿ, “ಇದು ಕೆಲಾಯ್ಡ್, ಗಾಯದ ಕಲೆಯೇ ಬೆಳೆದು ಗಂಟಾಗುದು. ಬರೀ ಕೊಯ್ದರೆ ಮತ್ತೆ ಬರ್ತದೆ. ತಿಂಗಳಿಗೊಮ್ಮೆ ಗಂಟಿನೊಳಗೇ ಇಂಜೆಕ್ಷನ್ ಕೊಡ್ಬೇಕು. ನೋಯ್ತದೆ” ಎಂದರು. ಇಂಜೆಕ್ಷನ್ನು, ಆಮೇಲೆ ಆಪರೇಷನ್, ಮತ್ತೆ ಇಂಜೆಕ್ಷನ್ನು, ಜತೆಗೆ ಕಿವಿಯನ್ನು ಒತ್ತಿ ಹಿಡಿಯುವ ಕ್ಲಿಪ್ಪು. ವರ್ಷ ದಾಟಿತು. ಉಳಿದದ್ದು ಒಂದು ಬಿಳಿಚಿದ ಗುರುತು. “ಮತ್ತೆ ಬಂದ್ರೂ ಬರ್ಬಹುದು, ನೋಡ್ತಾ ಇರಿ” ಎಂದೇ ಕಳಿಸಿದರು.

ಕಳೆದ ವಾರ ಸುಳ್ಯದಲ್ಲಿ ನಂಟರ ಮನೆಯ ಸೀಮಂತ. ಊಟದ ಪಂಕ್ತಿಯಲ್ಲೇ ದೊಡ್ಡಮ್ಮ ನನ್ನ ಕಿವಿ ಹಿಡಿದು ಎಲ್ಲರಿಗೂ ತೋರಿಸಿದರು: “ನೋಡಿ, ನಾನು ಹೇಳಿದ ಮದ್ದು!”

ಇಷ್ಟು ವರ್ಷ ಇಂಥದ್ದಕ್ಕೆಲ್ಲ ನಕ್ಕು ಸುಮ್ಮನಾಗುತ್ತಿದ್ದವಳು ನಾನು. ಅಂದು ಆಗಲಿಲ್ಲ. “ಅದು ಸುಳ್ಳು ದೊಡ್ಡಮ್ಮ. ನಿಮ್ಮ ಮದ್ದಿಗೆ ನನ್ನ ಕಿವಿ ಸುಟ್ಟದ್ದು. ಗುಣ ಆದದ್ದು ಪುತ್ತೂರಿನ ಡಾಕ್ಟರರ ಇಂಜೆಕ್ಷನ್ನಿಗೆ” ಎಂದೆ. ಪಾಯಸ ಬಡಿಸುತ್ತಿದ್ದವರ ಸೌಟು ನಿಂತಿತು. ದೊಡ್ಡಮ್ಮ ಇವತ್ತಿನವರೆಗೆ ಫೋನ್ ಮಾಡಿಲ್ಲ.

ಕೈ ತೊಳೆಯುವಲ್ಲಿ ಯಾರೋ ಪಕ್ಕಕ್ಕೆ ಬಂದರು. ಕೆದಂಬಾಡಿಯ ಟೀಚರಂತೆ, ನನ್ನದೇ ವಯಸ್ಸು. ಕೂದಲು ಸರಿಸಿ ಕಿವಿ ತೋರಿಸಿದರು. “ನಂದೂ ಉಂಟು. ಎರಡು ಸಲ ಕೊಯ್ಸಿದ್ದೇನೆ. ಆ ಇಂಜೆಕ್ಷನ್ ತುಂಬ ನೋಯ್ತದಾ?”

“ಹೌದು, ತುಂಬ.”

ಅವರು ಕಣ್ಣೊರೆಸಿಕೊಂಡು ನಕ್ಕರು. “ಅಬ್ಬ! ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ನಿಜ ಹೇಳಿದ್ರಲ್ಲ.”

ಸೋಮವಾರ ನಾವಿಬ್ಬರೂ ಪುತ್ತೂರಿಗೆ ಹೋಗುವುದೆಂದಾಗಿದೆ.