ನೆವೆಂಕಾ ಅವರ ಗೇಟಿನಲ್ಲಿ ಎಲ್ಲರೂ ಒಂದೇ

ಬೆಳಗಿನ ಐದೂವರೆ. ಪೈನ್ ಮರಗಳ ನಡುವಿನ ಬೇಲಿಗುಂಟ ನೆವೆಂಕಾ ಬ್ರಾಯ್ಕೊವಿಚ್ ಬಗ್ಗಿ ಬಗ್ಗಿ ನೋಡುತ್ತಾ ನಡೆಯುತ್ತಿದ್ದಾರೆ. ಬೇಲಿಗೆ ಹೊದಿಸಿದ ಜೊಂಡಿನ ಚಾಪೆಯಲ್ಲಿ ಅಂಗೈಯಗಲದ ಕಿಂಡಿ. "ನಿನ್ನೆ ಇರ್ಲಿಲ್ಲ ಇದು. ನರಿ ಮಾಡಿದ್ದಲ್ಲ, ಎರಡು ಕಾಲಿನ ಪ್ರಾಣೀದೇ ಕೆಲಸ," ಎನ್ನುತ್ತಾ ತಂತಿ ಬಿಗಿದು ಮುಚ್ಚುತ್ತಾರೆ. ಆಮೇಲೆ ಅವರ ಬಾಯಿಂದ ಬಂದದ್ದು ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ಬೇಲಿಯೊಳಗೆ ಬಟ್ಟೆಯ ಹಂಗಿಲ್ಲದೆ ಬೇಸಿಗೆ ಕಳೆಯುವ ಕುಟುಂಬಗಳ ಶಿಬಿರ. ಇಸ್ಟ್ರಿಯಾ ಪರ್ಯಾಯ ದ್ವೀಪದ ಈ ಕಡಲಂಚಿನಲ್ಲಿ ಈಗ ಮೂವತ್ತೆಂಟು ಕುಟುಂಬ, ಐವತ್ತೊಂದು ಮಕ್ಕಳು. ಆ ಮಕ್ಕಳ ಕಾವಲು ಅರವತ್ತೊಂದರ ನೆವೆಂಕಾ ಅವರದು. ಒಳಬರುವ ಪ್ರತಿ ಫೋನಿನ ಕ್ಯಾಮೆರಾಕ್ಕೂ ಹಳದಿ ಚೀಟಿ ಅಂಟಿಸುತ್ತಾರೆ, ದಿನಕ್ಕೆ ನೂರಕ್ಕೂ ಮಿಕ್ಕಿ. ಅವರ ಮೈಮೇಲೆ ಮಾತ್ರ ಸದಾ ನೀಲಿ ಕೋಟು. "ಚಳೀನಾ ನೆವೆಂಕಾ?" ಎಂದು ಸದಸ್ಯರು ರೇಗಿಸಿದರೆ, "ಎಲ್ರೂ ಬಿಚ್ಚಿಟ್ರೆ ಬೀಗದ ಕೈ ಎಲ್ಲಿ ಇಡೋದ್ರಪ್ಪಾ?" ಎನ್ನುತ್ತಾರೆ.

ಇಪ್ಪತ್ತೆರಡು ವರ್ಷ ಮೀನಿನ ಕಾರ್ಖಾನೆಯಲ್ಲಿ ದುಡಿದವರು. ಅದು ಮುಚ್ಚಿದಾಗ ಹಾಸಿಗೆ ಬಟ್ಟೆ ಒಗೆಯಲು ಇಲ್ಲಿಗೆ ಬಂದರು. ಹನ್ನೊಂದು ವರ್ಷದ ಹಿಂದೆ ಮಕ್ಕಳ ರಕ್ಷಣೆಗೊಬ್ಬರು ಬೇಕೆಂದು ಶಿಬಿರ ನಡೆಸುವ ಸಂಘ ಕೇಳಿತು. "ಯಾರೂ ಮುಂದೆ ಬರ್ಲಿಲ್ಲ. ನಾನು ಬಾಗಿಲ ಹತ್ರ ನಿಂತಿದ್ದೆ, ನನ್ನ ತಲೆಗೇ ಕಟ್ಟಿದ್ರು," ಎಂದು ನಗುತ್ತಾರೆ.

ಸಂಘದ ನಿಯಮಾವಳಿ ಹನ್ನೆರಡು ಪುಟ. ಮಕ್ಕಳಿಗೆ ತಿಳಿಯಲೆಂದು ಅವರು ಅದನ್ನು ನಾಲ್ಕು ಮಾತಿಗಿಳಿಸಿದ್ದಾರೆ. ಬಟ್ಟೆ ಹಾಕಿಕೊಳ್ಳಬೇಕೆನಿಸಿದ ಮಗು ಹಾಕಿಕೊಳ್ಳಲಿ, ಯಾಕೆಂದು ಯಾರೂ ಕೇಳಕೂಡದು. ಬೇರೆಯವರ ಮಗುವಿನ ಜೊತೆ ದೊಡ್ಡವರು ಒಂಟಿಯಾಗಿರಬಾರದು. ಫೋಟೋ ಬೇಡವೇ ಬೇಡ. ಮನಸ್ಸಿಗೆ ಕಸಿವಿಸಿಯಾದರೆ ನೆವೆಂಕಾಗೆ ಹೇಳು.

ಕಳೆದ ತಿಂಗಳು ಸಂಘಕ್ಕೆ ಐವತ್ತು ತುಂಬಿತು. ಅಧ್ಯಕ್ಷ ಎಜಿದಿಯೋ ಎಲ್ಲರ ಫೋಟೋ ತೆಗೆಯಲು ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಬಂದರು. ನೆವೆಂಕಾ ಅವರ ಮಗಳಿಗೆ ಅವರೇ ಜ್ಞಾನತಂದೆ, ದೀಕ್ಷಾಸ್ನಾನದ ದಿನ ಮಗುವಿನ ಹೊಣೆ ಹೊತ್ತವರು. ಇಲ್ಲಿ ಆ ನಂಟು ರಕ್ತಸಂಬಂಧಕ್ಕಿಂತ ಒಂದು ಕೈ ಮೇಲು.

"ಎಜಿದಿಯೋ, ಕ್ಯಾಮೆರಾ ಇಲ್ಲಿಟ್ಟು ಹೋಗು."

"ಏನೇ, ನನ್ನನ್ನೇ ತಡೀತೀಯಾ? ನಿನ್ನ ಮಗಳನ್ನ ಎತ್ಕೊಂಡು ಚರ್ಚಲ್ಲಿ ನಿಂತಿದ್ದು ಯಾರು?"

"ನೀನೇ. ನಿನ್ನನ್ನ ಹಾಗೇ ಒಳಗೆ ಬಿಟ್ರೆ ನಾಳೆ ಬರೋನಿಗೆ ಏನಂತ ಬೇಡ ಅನ್ಲಿ?"

ಸಂಘ ಸೇರಿ ಇಪ್ಪತ್ತು ವರ್ಷ ದಾಟಿದ ಸದಸ್ಯರಿಗೆ ಕ್ಯಾಮೆರಾ ನಿಯಮ ಬೇಡವೆಂದು ಎಜಿದಿಯೋ ಮತಕ್ಕೆ ಹಾಕಿದರು. ಹಾಗಾದರೆ ಕೆಲಸ ಬಿಡುವೆನೆಂದರು ನೆವೆಂಕಾ. ಈ ಭಾನುವಾರ ಊಟದ ನಂತರ ಮರದಡಿ ಸಭೆ. "ಕಳ್ಳನ ಹಾಗೆ ನಿಲ್ಸಿದ್ಲು ನನ್ನ!" ಎಂದು ಎಜಿದಿಯೋ ಸಭೆಗೆ ಹೇಳುತ್ತಾರೆ.

ನೆವೆಂಕಾ ಎದ್ದು ನಿಲ್ಲುತ್ತಾರೆ. "ಎಜಿದಿಯೋ ಬಂಗಾರದಂಥ ಮನುಷ್ಯ. ಆದ್ರೆ ಬಂಗಾರ ಯಾವ್ದು, ತಗಡು ಯಾವ್ದು ಅಂತ ಏಳು ವರ್ಷದ ಮಗೂಗೆ ಹೇಗೆ ಗೊತ್ತಾಗ್ಬೇಕು? ಒಳ್ಳೆಯವರೆಲ್ಲ ನಿಯಮ ಪಾಲಿಸಿದ್ರೆ, ಮುರಿದವನು ಯಾರು ಅಂತ ಮಗೂಗೇ ತಿಳಿಯುತ್ತೆ."

ನಲವತ್ನಾಲ್ಕು ಕೈಗಳು ನಿಯಮದ ಪರ ಏಳುತ್ತವೆ, ಇಪ್ಪತ್ತೊಂಬತ್ತು ವಿರುದ್ಧ. ಎಜಿದಿಯೋ ಕುರ್ಚಿ ಮಡಚಿ, ತಿರುಗಿಯೂ ನೋಡದೆ ಹೊರಟುಹೋಗುತ್ತಾರೆ.

"ಗೆದ್ದೆ ಅಂತ ಬರೀಬೇಡಿ," ಗೇಟಿಗೆ ಮರಳಿದ ನೆವೆಂಕಾ ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. "ಮೂವತ್ತು ವರ್ಷದಿಂದ ಅವನಿಲ್ದೆ ನಮ್ಮನೇಲಿ ಈಸ್ಟರ್ ಊಟ ಆಗಿಲ್ಲ. ಬರ್ಲಿ, ನಾಲ್ಕು ಮಾತು ಬೈಲಿ. ತುಟಿ ಪಿಟಕ್ಕನ್ನದೆ ಬೈಸ್ಕೋತೀನಿ. ಗೇಟಲ್ಲಿ ಮಾತ್ರ ಕ್ಯಾಮೆರಾ ಬಿಡಲ್ಲ."