ಮಾವನಿಗೆ ಕೊಟ್ಟ ನಾಲ್ಕು ಗುಟುಕು

ಕಳೆದ ವಾರ ಶಿರಸಿ ಪೇಟೆಗೆ ಕೊತ್ತಂಬರಿ ಸೊಪ್ಪು ತರಲು ಹೋದವಳು ಕೂವೆ ಗಡ್ಡೆಯ ಹಿಟ್ಟಿನ ಎರಡು ಪೊಟ್ಟಣ ಹಿಡಿದುಕೊಂಡು ಮನೆಗೆ ಬಂದೆ. ಕೊತ್ತಂಬರಿ ಮರೆತೇಹೋಗಿತ್ತು. ನಮ್ಮ ಮನೆಯಲ್ಲಿ ಈಗ ಕೂವೆ ಹಿಟ್ಟು ಬೇಕಾದವರು ಯಾರೂ ಇಲ್ಲ. ಎಳೆ ಮಕ್ಕಳಿಲ್ಲ, ಹೊಟ್ಟೆ ಕೆಟ್ಟು ಮಲಗಿದವರಿಲ್ಲ. ಮಾರುವ ಹೆಂಗಸು ಹಿಟ್ಟನ್ನು ಎರಡು ಬೆರಳ ನಡುವೆ ತಿಕ್ಕಿ ತೋರಿಸಿದಳು. ಒಳ್ಳೆಯ ಕೂವೆ ಹಿಟ್ಟು ಹಾಗೆ ತಿಕ್ಕಿದರೆ ಕಿರ್ರೆನ್ನುತ್ತದೆ. ಆ ಸದ್ದು ಕಿವಿಗೆ ಬಿದ್ದದ್ದೇ ನನ್ನ ಕೈ ತಾನಾಗಿ ಚೀಲ ಬಿಚ್ಚಿತು.

"ಇದು ಯಾರಿಗೇ?" ಎಂದು ನನ್ನ ಗಂಡ ಕೇಳಿದರು. ನಾನು ಕೇಳಿಸದವಳಂತೆ ಅಡುಗೆಮನೆಗೆ ನಡೆದೆ. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಅದನ್ನು ಹೇಳಲು ಹೊರಟರೆ ಇನ್ನೊಂದನ್ನೂ ಹೇಳಬೇಕಾಗುತ್ತಿತ್ತು. ಮೊದಲಿನಿಂದ ಹೇಳುತ್ತೇನೆ, ಕೇಳಿ.

ನನ್ನ ಮಾವ, ಅಂದರೆ ಗಂಡನ ತಂದೆ, ಬಸ್ ಕಂಡಕ್ಟರ್ ಆಗಿದ್ದವರು. ಯಲ್ಲಾಪುರದಿಂದ ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗುವ ದಾರಿಯಲ್ಲಿ ಇಪ್ಪತ್ತಾರು ವರ್ಷ ಸೀಟಿ ಊದಿದವರು. 'ಕಂಡಕ್ಟರ್ ಭಟ್ರು' ಎಂದರೆ ಆ ದಾರಿಯ ಹುಣಸೆಮರಗಳಿಗೂ ಗುರುತು ಸಿಗುತ್ತಿತ್ತು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಆ ದಾರಿಯಲ್ಲಿ ಹುಣಸೆಮರಗಳೇ ಇಲ್ಲವಲ್ಲ ಎಂದರೆ, "ಎಲ್ಲಾ ಕಡದು ಹಾಕಿದ್ದ, ಎಂತ ಮಾಡದು?" ಎನ್ನುತ್ತಿದ್ದರು. ಮಾತೆಂದರೆ ಅಷ್ಟು ಪ್ರೀತಿ. ಊಟಕ್ಕೆ ಕೂತರಂತೂ ಮುಗಿಯಿತು. ಒಂದು ತುತ್ತು ಬಾಯಿಗೆ, ಎರಡು ಕತೆ ನಮಗೆ. ಅವರು ನಿವೃತ್ತರಾದ ಮೇಲೆ ನಾವು ಆಗ ಯಲ್ಲಾಪುರದ ಬಸ್ ಸ್ಟ್ಯಾಂಡಿನ ಹಿಂದಿನ ಪುಟ್ಟ ಮನೆಯಲ್ಲಿ ಇದ್ದೆವು. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಗಂಡ ಸಿದ್ದಾಪುರದ ಹೈಸ್ಕೂಲಿನಲ್ಲಿ ಮೇಷ್ಟರು. ಅಲ್ಲೇ ಕೋಣೆ ಮಾಡಿಕೊಂಡಿದ್ದು ಶನಿವಾರ ಸಂಜೆ ಬಂದರೆ ಸೋಮವಾರ ಬೆಳಿಗ್ಗೆ ಹೊರಡುವರು. ನಮಗಿನ್ನೂ ಮಕ್ಕಳಾಗಿರಲಿಲ್ಲ. ಹಾಗಾಗಿ ವಾರದ ಐದು ದಿನ ಮನೆಯಲ್ಲಿ ಮಾವ ಮತ್ತು ನಾನು. ಮಾತಾಡುವವರು ಅವರು, ಕೇಳುವವಳು ನಾನು.

ಎರಡು ಸಾವಿರದ ಒಂದನೇ ಇಸವಿಯೋ ಎರಡೋ, ಚಳಿಗಾಲದ ಒಂದು ಬೆಳಿಗ್ಗೆ. ಮಾವ ಚಾ ಕುಡಿಯುತ್ತ ಏನೋ ಹೇಳುತ್ತಿದ್ದರು. ಇದ್ದಕ್ಕಿದ್ದಂತೆ ಬಾಯಿಯ ಬಲಗಡೆಯಿಂದ ಚಾ ಸುರಿದು ಅಂಗಿಯ ಮೇಲೆ ಇಳಿಯಿತು. ಯಾರನ್ನೋ ಅಣಕಿಸುತ್ತಿದ್ದಾರೆಂದುಕೊಂಡು ನಾನು ನಕ್ಕುಬಿಟ್ಟೆ. ಆ ನಗುವನ್ನು ಇವತ್ತಿಗೂ ನಾನು ಕ್ಷಮಿಸಿಕೊಂಡಿಲ್ಲ. ಲೋಟ ಕೈಯಿಂದ ಜಾರಿತು, ಬಲಗೈ ಜೋತುಬಿತ್ತು. ಆಗ ಗೊತ್ತಾಯಿತು, ಲಕ್ವ ಹೊಡೆದಿತ್ತು.

ಪಕ್ಕದ ಮನೆಯವರ ಜೀಪಿನಲ್ಲಿ ಹುಬ್ಬಳ್ಳಿಯ ಆಸ್ಪತ್ರೆಗೆ ಸಾಗಿಸಿದೆವು. ಜೀವ ಉಳಿಯಿತು. ಕಾಲು ಸ್ವಲ್ಪ ಸ್ವಲ್ಪವೇ ಬಂತು. ಆದರೆ ಗಂಟಲು ಮಾತು ಕೇಳಲಿಲ್ಲ. ಮೂಗಿನಲ್ಲಿ ನಳಿಗೆ ಇಳಿಸಿ ಅದರಲ್ಲೇ ಹಾಲು, ಗಂಜಿ. ಹದಿನೈದು ದಿನಗಳ ನಂತರ ಸುನಂದಾ ಎಂಬ ಹುಡುಗಿ ಬಂದಳು. ಹಾವೇರಿ ಕಡೆಯವಳು, ಮಾತಿನ ತೊಂದರೆಗೆ ಚಿಕಿತ್ಸೆ ಕೊಡುವವಳು. ಮಾವನಿಗೆ ಮಾತು ಕಲಿಸಲು ಬಂದಿದ್ದಾಳೆಂದು ನಾವು ಖುಷಿಪಟ್ಟರೆ, ಅವಳು ನುಂಗುವುದನ್ನು ಕಲಿಸಲು ಬಂದಿದ್ದಳು. ನುಂಗುವುದನ್ನೂ ಕಲಿಯಬೇಕೆ? ಹುಟ್ಟಿದ ಕೂಸಿಗೂ ಬರುವ ವಿದ್ಯೆಯಲ್ಲವೆ?

"ಅಕ್ಕಾರ, ಇದರಾಗ ನೀರ ದೊಡ್ಡ ಕಳ್ಳ ನೋಡ್ರಿ," ಎಂದಳು ಅವಳು. "ಭಾಳ ಲಗೂ ಓಡ್ತೈತಿ. ಅಜ್ಜಾರ ಗಂಟಲಾ ಈಗ ನಿಧಾನ ಆಗೇತಿ. ಅದು ಬಾಗಲಾ ಮುಚ್ಚೂದ್ರಾಗ ನೀರು ಎದಿಯೊಳಗ ಇಳದಿರ್ತೈತಿ. ಆಮ್ಯಾಲೆ ನ್ಯುಮೋನಿಯಾ. ಅದಕ್ಕ ಕುಡಿಯೂದೆಲ್ಲಾ ದಪ್ಪ ಮಾಡಿ ಕೊಡಬೇಕ್ರಿ. ಚಮಚದಿಂದ ಜೇನುತುಪ್ಪ ಬಿದ್ದಂಗ ಬೀಳಬೇಕು."

ನಿಮ್ಮ ಕಡೆ ದಪ್ಪ ಮಾಡಲು ಯಾವ ಹಿಟ್ಟು ಸಿಗುತ್ತದೆ ಎಂದು ಕೇಳಿದಳು. ಕೂವೆ ಎಂದೆ. ಅವಳು ಆ ಹೆಸರನ್ನೇ ಕೇಳಿರಲಿಲ್ಲ. ಮರುದಿನ ತರಿಸಿ, ಕುದಿಸಿ, ಆರಿಸಿ ತೋರಿಸಿದೆ. ಚಮಚ ಎತ್ತಿ ಹಿಡಿದು ನೋಡಿ, "ಛಲೋ ಐತಿ" ಎಂದು ಒಪ್ಪಿದಳು. ಆಮೇಲೆ ಒಂದು ಹಾಳೆಯಲ್ಲಿ ನಿಯಮಗಳನ್ನು ಬರೆದು ಕೊಟ್ಟಳು. ನೇರ ಕೂರಿಸಿಯೇ ಉಣಿಸಬೇಕು. ಸಣ್ಣ ಚಮಚ. ಗದ್ದವನ್ನು ಎದೆಯ ಕಡೆ ಬಾಗಿಸಿ ನುಂಗಬೇಕು. ಒಂದು ತುತ್ತಿಗೆ ಎರಡು ಸಲ ನುಂಗಬೇಕು. ಬಲಗೆನ್ನೆಯಲ್ಲಿ ಅನ್ನ ಅಡಗಿ ಕೂತಿದೆಯೇ ನೋಡಬೇಕು. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಕೊನೆಯದನ್ನು ಅಡಿಗೆರೆ ಎಳೆದು ಬರೆದಿದ್ದಳು: ಉಣ್ಣುವಾಗ ಮಾತಾಡಬಾರದು. ಅದನ್ನು ಓದಿ ಹೇಳಿದಾಗ ಮಾವನ ಮುಖದಲ್ಲಿ ಕಂಡ ದುಃಖ, ಲಕ್ವ ಎಂದು ಡಾಕ್ಟರು ಹೇಳಿದಾಗಲೂ ಕಂಡಿರಲಿಲ್ಲ.

ನುಂಗಿದ ಮೇಲೆ ಧ್ವನಿ ಕೇಳಬೇಕು ಎಂಬುದು ಅವಳು ಬಾಯಲ್ಲೇ ಹೇಳಿದ ಇನ್ನೊಂದು ನಿಯಮ. ಧ್ವನಿ ಗೊರಗೊರ ಎಂದರೆ ಗಂಟಲಲ್ಲಿ ಏನೋ ಉಳಿದಿದೆ, ಕೆಮ್ಮಿಸಬೇಕು. "ಆ... ಅನ್ರಿ ಅಜ್ಜಾರ" ಎಂದಳು ಸುನಂದಾ. ಮಾವನಿಗೆ ಅದು ಅವಮಾನವೆನಿಸಿತೋ ಏನೋ, ಆ ಅನ್ನುವ ಬದಲು ತೊದಲುತ್ತ "ಇಡಗುಂದಿ" ಎಂದರು. ಅವಳಿಗೆ ಅರ್ಥವಾಗಲಿಲ್ಲ. ಅವರ ಬಸ್ಸಿನ ಸ್ಟಾಪು ಅದು ಎಂದು ನಾನು ವಿವರಿಸಿದೆ. ಅಂದಿನಿಂದ ನಮ್ಮ ಮನೆಯಲ್ಲಿ ತುತ್ತಿಗೊಂದು ಸ್ಟಾಪು. ಎಷ್ಟೋ ಊಟ ಅಂಕೋಲೆ ಮುಟ್ಟುವ ಮೊದಲೇ ಸಾಕಾಗಿ ನಿಂತುಬಿಡುತ್ತಿತ್ತು.

ನಳಿಗೆ ತೆಗೆಸಿ ಮನೆಗೆ ಬಂದ ಮೇಲೆ ನಾನು ಅಡುಗೆಯನ್ನೇ ಹೊಸದಾಗಿ ಕಲಿತೆ. ಹಿಸುಕಿದ ಅನ್ನಕ್ಕೆ ಗಟ್ಟಿ ತೊವ್ವೆ, ರಾಗಿ ಮಣ್ಣಿ, ಕಿವುಚಿದ ಬಾಳೆಹಣ್ಣು, ಗಟ್ಟಿ ಮೊಸರು. ಮಾವನಿಗೆ ತಂಬಳಿ ಇಲ್ಲದೆ ಊಟವಿಲ್ಲ. ಅದೋ ನೀರಿನಂತೆ ತೆಳ್ಳಗಿರುವಂಥದ್ದು. ಅದಕ್ಕೂ ಕೂವೆ ಬೆರೆಸಿದೆ. ಒಂದು ಚಮಚ ಬಾಯಿಗಿಟ್ಟು, ಎರಡು ಸಲ ನುಂಗಿ, ಗದ್ದ ಎತ್ತಿ ನನ್ನನ್ನೇ ನೋಡುತ್ತ ಹೇಳಿದರು: "ಕೂಸೆ, ಇದು ತಂಬಳಿ ಅಲ್ಲ. ಪೋಸ್ಟಾಫೀಸಿನ ಅಂಟು."

ಇಷ್ಟೆಲ್ಲ ಸಹಿಸಿದ ಮನುಷ್ಯ ಬರೀ ನೀರಿಗಾಗಿ ಸೋತುಹೋದರು. ಗಂಟಲೊಣಗಿದವನಿಗೆ ಜೇನಿನಂಥ ನೀರು ಕೊಟ್ಟರೆ ದಾಹ ಹೋಗುತ್ತದೆಯೇ? ಬೇಸಿಗೆ ಬಂತು. ಕುಡಿಯುವ ಕೊಡದ ಕಡೆ ನೋಡುತ್ತ ಕೂತಿರುವರು. ಆ ದಿನಗಳಲ್ಲಿ ಮಾವನ ಅಕ್ಕ, ನಿಲ್ಕುಂದದ ದೊಡ್ಡತ್ತೆ, ತಮ್ಮನನ್ನು ನೋಡಲು ಬಂದರು. ಅವರ ಎದುರೇ ಮಾವ ನೀರು ಕೇಳಿದರು, ಅವರ ಎದುರೇ ನಾನು ಇಲ್ಲವೆಂದೆ.

"ನೀರು ಕೇಳ್ದವಂಗೆ ಇಲ್ಲೆ ಹೇಳದು ಯಾವ ಊರ ಪದ್ಧತಿನೇ?" ಎಂದರು ದೊಡ್ಡತ್ತೆ. "ನಾಯಿಗಾದ್ರೂ ಒಂದು ಬಟ್ಟಲು ಇಡ್ತ."

ಸುನಂದಾಳ ಹಾಳೆ ತಂದು ಓದಿ ಹೇಳಿದೆ. ದೊಡ್ಡತ್ತೆ ಕೇಳಿದರು, ಆದರೆ ಹೋಗುವಾಗ ನಾನು ಕೊಟ್ಟ ಮಜ್ಜಿಗೆ ಮುಟ್ಟಲಿಲ್ಲ.

ಮರುದಿನ ಮಂಗಳವಾರ, ಮಧ್ಯಾಹ್ನ. ಮಾವ ಕರೆದರು. "ಕೂಸೆ, ನಾಕೇ ನಾಕು ಗುಟುಕು. ಬರೀ ನೀರು. ಆನು ಸತ್ತರೂ ಅಡ್ಡಿಲ್ಲೆ." ಕಣ್ಣಲ್ಲಿ ನೀರಿತ್ತು. ನನಗೆ ಹಿಂದಿನ ದಿನದ ಮಾತು ಎದೆಯಲ್ಲಿ ಕುಟುಕುತ್ತಿತ್ತು. ತಂಬಿಗೆಯಲ್ಲಿ ನೀರು ತಂದೆ. ನಮ್ಮಲ್ಲಿ ತಂಬಿಗೆಗೆ ಬಾಯಿ ಹಚ್ಚುವುದಿಲ್ಲ, ತಲೆ ಹಿಂದಕ್ಕೆ ಚೆಲ್ಲಿ ಎತ್ತಿ ಕುಡಿಯುವುದು. ಮಾವ ಅಭ್ಯಾಸದಂತೆ ತಲೆ ಹಿಂದಕ್ಕೆ ಚೆಲ್ಲಿದರು, ನಾನು ಅಭ್ಯಾಸದಂತೆ ಮೇಲಿನಿಂದ ಹೊಯ್ದೆ. ಗದ್ದ ಬಾಗಿಸಿ ಎಂದು ಎರಡು ತಿಂಗಳು ಜಪಿಸಿದವಳಿಗೆ ಆ ಗಳಿಗೆಯಲ್ಲಿ ಅದು ನೆನಪೇ ಆಗಲಿಲ್ಲ. ಎರಡು ಗುಟುಕು ಸುಮ್ಮನೆ ಇಳಿಯಿತು. ಮೂರನೆಯದಕ್ಕೆ ಸಣ್ಣ ಕೆಮ್ಮು. ನಾಲ್ಕನೆಯದಕ್ಕೆ ಮುಖ ಕೆಂಪಾಗಿ, ಕಣ್ಣು ಹೊರಬರುವಂತೆ ಕೆಮ್ಮಿದರು. ಬೆನ್ನು ತಿಕ್ಕಿದೆ. ಕೆಮ್ಮು ನಿಂತ ಮೇಲೆ ಮಾವ ನಗುತ್ತಿದ್ದರು. "ಅಮೃತ" ಎಂದರು. ಆಮೇಲೆ ಧ್ವನಿ ತಗ್ಗಿಸಿ, "ಯಾರಿಗೂ ಹೇಳಡ. ನಿನ್ನ ಗಂಡಂಗಂತೂ ಹೇಳಲೇಬೇಡ."

ಗುರುವಾರ ಜ್ವರ ಬಂತು. ಉಸಿರಿನೊಂದಿಗೆ ಎದೆ ಗೊರಗುಟ್ಟುತ್ತಿತ್ತು. ಮತ್ತೆ ಹುಬ್ಬಳ್ಳಿ, ಮತ್ತೆ ಅದೇ ಆಸ್ಪತ್ರೆ. ನ್ಯುಮೋನಿಯಾ ಎಂದರು. ಸಿದ್ದಾಪುರದಿಂದ ಗಂಡ ಓಡಿ ಬಂದರು. ಡಾಕ್ಟರು ಮಂಚದ ಪಕ್ಕ ನಿಂತು ಕೇಳಿದರು: "ಇವರಿಗೆ ನೀರೋ ಚಾನೋ ಕೊಟ್ಟವರು ಯಾರು?" ನಾನು ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಆಮ್ಲಜನಕದ ಮುಖವಾಡದೊಳಗಿಂದ ಮಾವನ ದನಿ ಕೇಳಿತು. ಎಡಗೈ ಎತ್ತಿ ತಮ್ಮ ಎದೆ ತೋರಿಸಿಕೊಂಡು, "ಆನೇ... ಆನೇ ತಗಂಡೆ" ಎಂದರು. ಡಾಕ್ಟರು ತಲೆ ಕೊಡವಿ ಮುಂದೆ ಹೋದರು. ಗಂಡ ನೆಲ ನೋಡುತ್ತ ನಿಂತಿದ್ದರು. ಅಪ್ಪನ ಸ್ಥಿತಿ ನೋಡಿ ಕಂಗಾಲಾಗಿದ್ದಾರೆಂದುಕೊಂಡೆ.

ಒಂಬತ್ತು ದಿನ ಏನಾಗುತ್ತದೋ ಗೊತ್ತಿರಲಿಲ್ಲ. ಆ ಒಂಬತ್ತು ದಿನಗಳಲ್ಲಿ ನನಗೂ ನೀರು ಇಳಿಯುತ್ತಿರಲಿಲ್ಲ. ಕೊನೆಗೆ ತಡೆಯಲಾರದೆ ಸುನಂದಾಳಿಗೊಬ್ಬಳಿಗೆ ನಡೆದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ.

"ಅಕ್ಕಾರ, ಆ ನೀರಿಂದನ ಬಂತು ಅಂತ ಯಾರೂ ಹೇಳಾಕ ಬರೂದಿಲ್ರಿ. ಇಂಥಾ ಮಂದಿಗೆ ತಮ್ಮ ಎಂಜಲಾನೂ ತಪ್ಪಿ ಎದಿಗೆ ಇಳೀತೈತಿ. ಬಾಯಿ ಸ್ವಚ್ಛ ಇದ್ರ ಅಪಾಯ ಕಡಿಮಿ. ದಿನಾ ಮೂರು ಸಲ ಹಲ್ಲು, ನಾಲಿಗಿ ತಿಕ್ರಿ. ಅಳೂದು ಆಮ್ಯಾಲೆ ಅಳವಂತ್ರಿ."

ಅತ್ತಿರಲಿಲ್ಲ ನಾನು. ಅವಳು ಹಾಗೆಂದ ಮೇಲೆ ಅತ್ತುಬಿಟ್ಟೆ.

ಮಾವ ಗೆದ್ದು ಬಂದರು. ಈ ಸಲ ನಾನು ಕಠೋರಳಾದೆ. ದೊಡ್ಡತ್ತೆ ಮತ್ತೆ ಬಂದಾಗ ಹಾಳೆಯನ್ನು ಓದುವ ಬದಲು ಚಮಚವನ್ನೇ ಅವರ ಕೈಗಿತ್ತು, ತಮ್ಮನಿಗೆ ನೀವೇ ಉಣಿಸಿ ಎಂದೆ. ಹನ್ನೆರಡು ತುತ್ತಿಗೆ ಮುಕ್ಕಾಲು ಗಂಟೆ ಹಿಡಿಯಿತು. ಏಳುವಾಗ ದೊಡ್ಡತ್ತೆ ನನ್ನ ತಲೆ ಸವರಿ, "ದಿನಾ ಹೀಂಗೇ ಮಾಡ್ತ್ಯನೇ ನೀನು?" ಎಂದರು. ಅಂದು ಮಜ್ಜಿಗೆ ಕುಡಿದೇ ಹೋದರು.

ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗಿ ಸುನಂದಾ ಕಲಿಸಿದ ಗಂಟಲಿನ ವ್ಯಾಯಾಮ ಒಪ್ಪಿಸಿ ಬರುತ್ತಿದ್ದೆವು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಅವಳು ಚಮಚದಲ್ಲಿ ಬರೀ ನೀರು ಕೊಟ್ಟಳು. ಆಮೇಲೆ ಬಟ್ಟಲಿನಲ್ಲಿ. ಧ್ವನಿ ಕೇಳಿದಳು, ಎದೆಗೆ ಕಿವಿಕೊಟ್ಟಳು. "ಗದ್ದ ಕೆಳಗ ಇಟ್ಟು, ಒಂದೊಂದ ಗುಟುಕು. ಇನ್ನ ಕುಡೀರಿ ಅಜ್ಜಾರ" ಎಂದಳು.

ಮೊದಲ ಚಾ ಎಲ್ಲಿ ಕುಡಿಯುವುದು ಎಂದು ನಾನು ಕೇಳಲೇ ಇಲ್ಲ. ಮಾವನೇ ನಿರ್ಧರಿಸಿದ್ದರು. "ಅರಬೈಲಲ್ಲಿ, ಘಟ್ಟದ ಅಂಗಡಿಲೇ."

ಆ ವಾರವೇ ಅಂಕೋಲೆ ಬಸ್ಸಿನಲ್ಲಿ ಕೂರಿಸಿಕೊಂಡು ಹೋದೆ. ಘಟ್ಟದ ಚಾ ಅಂಗಡಿಯ ಮುಂದೆ ಬಸ್ಸು ನಿಂತಿತು. ಡ್ರೈವರ್ ಅವರ ಹಳೆಯ ಪರಿಚಯದವನು, ಕೈಹಿಡಿದು ಇಳಿಸಿದ. ಬೆಂಚಿನ ಮೇಲೆ ನೇರ ಕೂರಿಸಿದೆವು. ಮಾವ ಎಡಗೈಯಲ್ಲಿ ಲೋಟ ಹಿಡಿದು, ಗದ್ದ ಬಾಗಿಸಿ, ಮೊದಲ ಗುಟುಕು ತೆಗೆದುಕೊಂಡರು. ಸುತ್ತ ನಿಂತವರಲ್ಲಿ ಒಬ್ಬ, "ಹೆಂಗಿದ್ರಿ ಭಟ್ರೇ?" ಎಂದ. "ಈಗ ಮಾತಾಡಿಸಬೇಡಿ" ಎಂದು ನಾನು ಗದರಿಬಿಟ್ಟೆ. ಇಡೀ ಬಸ್ಸು ಸುಮ್ಮನಾಯಿತು. ಮಾವ ನುಂಗಿದರು, ಇನ್ನೊಮ್ಮೆ ನುಂಗಿದರು, ತಲೆ ಎತ್ತಿ ಹಳೆಯ ಕಂಡಕ್ಟರ್ ದನಿಯಲ್ಲಿ ಮುಂದಿನ ಸ್ಟಾಪು ಕೂಗಿದರು: "ರಾಮನಗುಳೀ!" ದನಿ ಗಂಟೆಯಂತೆ ಸ್ವಚ್ಛವಾಗಿತ್ತು. ಜನ ಗೊಳ್ಳೆಂದು ನಕ್ಕರು. ಕಿಟಕಿಯಲ್ಲಿ ಯಾರೋ ಹೊತ್ತಾಯಿತೆಂದು ಗೊಣಗಿದರು. "ಆರಾಮ ಕುಡೀರಿ ಭಟ್ರೇ, ಘಟ್ಟ ಎಲ್ಲಿಗೂ ಓಡಿ ಹೋಗೂದಿಲ್ಲ" ಎಂದ ಡ್ರೈವರ್. ಅರ್ಧ ಲೋಟಕ್ಕೆ ಕಾಲು ಗಂಟೆ ಹಿಡಿಯಿತು.

ಆಮೇಲೆ ಮಾವ ಆರು ವರ್ಷ ಬದುಕಿದರು. ಮುಂದೆ ಹುಟ್ಟಿದ ಮೊಮ್ಮಗಳಿಗೆ ರಾಗಿ ಮಣ್ಣಿ ಉಣಿಸುವಾಗ ಗದ್ದ ಬಾಗಿಸು ಎಂದು ಪಾಠ ಹೇಳುವಷ್ಟು ಬದುಕಿದರು. ಹೋದದ್ದು ನಿದ್ದೆಯಲ್ಲಿ, ಸುಖವಾಗಿ. ಆ ಮಂಗಳವಾರದ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಳೆದ ವಾರ ಕೂವೆ ಹಿಟ್ಟು ತಂದ ದಿನ ರಾತ್ರಿ ಗಂಡ ಮತ್ತೆ ಕೇಳಿದರು, "ಯಾರಿಗೇ ಅದು? ಹೇಳಲಾಗ್ತಿಲ್ಯ?" ಆಗ ಕೂತು ಹೇಳಿದೆ. ತಂಬಿಗೆ, ನಾಲ್ಕು ಗುಟುಕು, ಎಲ್ಲ. ತಲೆ ಎತ್ತದೆ ಹೇಳಿ ಮುಗಿಸಿದೆ. ಅವರು ಪೊಟ್ಟಣ ಕೈಗೆತ್ತಿಕೊಂಡು ತಿರುವಿ ತಿರುವಿ ನೋಡಿದರು. ಸಿಟ್ಟು ಬಂತೆಂದುಕೊಂಡೆ.

"ಅದ್ಕೂ ಮುಂಚೆ, ಆದಿತ್ಯವಾರ," ಎಂದರು ಕೊನೆಗೆ. "ನೀ ಮೀಯಲೆ ಹೋಗಿದ್ದೆ. ಅಪ್ಪ ಕೈ ಮುಗದ. ಆನು ಸಾಸರಲ್ಲಿ ಚಾ ಕೊಟ್ಟೆ. ಬರೀ ಚಾ. ಕೆಮ್ಮಿ ಕೆಮ್ಮಿ ಸಾಕಾತು ಅವಂಗೆ. ಯಾರಿಗೂ ಹೇಳಡ, ನಿನ್ನ ಹೆಂಡ್ತಿಗಂತೂ ಹೇಳಲೇಬೇಡ ಅಂದ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮೊದಲು ನಗು ಬಂದದ್ದು ನನಗೆ. ಅವರಿಗೆ ನಗುತ್ತ ನಗುತ್ತ ಕಣ್ಣೊರೆಸಿಕೊಳ್ಳಬೇಕಾಯಿತು. ಆಸ್ಪತ್ರೆಯ ಮಂಚದ ಎರಡು ಬದಿಗೆ ನಿಂತು, ಒಂದೇ ಮನೆಯಲ್ಲಿ ಇಷ್ಟು ವರ್ಷ ಉಂಡು ಮಲಗಿ, ಇಬ್ಬರೂ ಅಪ್ಪನನ್ನು ಕೊಲ್ಲಹೊರಟದ್ದು ನಾನೇ ಎಂದು ಬೇರೆ ಬೇರೆಯಾಗಿ ನಂಬಿಕೊಂಡಿದ್ದೆವು. ಉಸಿರಾಡಲೂ ಆಗದ ಮನುಷ್ಯ ಎಡಗೈ ಎತ್ತಿ ಒಂದೇ ಮಾತಿನಲ್ಲಿ ಇಬ್ಬರನ್ನೂ ಉಳಿಸಿದ್ದರು. ನನ್ನ ನೀರಿನಿಂದಲೋ ಇವರ ಚಾದಿಂದಲೋ, ಈಗ ತಿಳಿಯುವಂತಿಲ್ಲ. ತಿಳಿಯಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.

"ಅಪ್ಪನ ಹೊಟ್ಟೆಲಿ ಒಂದು ಮಾತೂ ನಿಲ್ತಿಲ್ಲೆ ಅಂತ ಊರೆಲ್ಲ ಹೇಳ್ತಿತ್ತು," ಎಂದರು ಇವರು, ಕಣ್ಣೊರೆಸುತ್ತ.