ತನ್ನ ಬೇಟೆಯನ್ನು ತಾನೇ ಸುಲಿದವನು

ಗೆರಾಸಿಮ್ ಬಾಯಿಬಿಟ್ಟು ಒಂದು ಮಾತು ಹೇಳದೆ ತನ್ನ ಬೇಟೆಯನ್ನು ಬೇರೆಯವನಿಗೆ ಕೊಟ್ಟದ್ದು ತಪ್ಪೇ ತಪ್ಪು ಎಂದು ಪ್ರೊಕೋಪಿ ಇವತ್ತಿಗೂ ಹಲ್ಲು ಕಡಿಯುತ್ತಾನೆ.

ಹಿಮನಾಡಿನ ಬೇಟೆಗಾರ ಜನರಾದ ಎವೆಂಕಿಗಳಲ್ಲಿ ಹೊಡೆದವನು ತನ್ನ ಬೇಟೆಗೆ ಚಾಕು ಮುಟ್ಟಿಸುವಂತಿಲ್ಲ. ನೆರೆಯವನಿಗೆ ಒಪ್ಪಿಸಬೇಕು. ಅವನು ಸುಲಿದು, ಚರ್ಮವನ್ನು ತಾನಿಟ್ಟುಕೊಂಡು, ಮಾಂಸವನ್ನು ಎಲ್ಲ ಗುಡಾರಗಳಿಗೂ ಹಂಚಬೇಕು. ಅದೇ ನಿಮಾತ್. ಪಕ್ಕದ ಗುಡಾರ ಪ್ರೊಕೋಪಿಯದು. ಗೆರಾಸಿಮ್ ತಾನು ಹೊಡೆದ ಹಿಮಸಾರಂಗವನ್ನು ಕೊಟ್ಟದ್ದೋ, ಆಗತಾನೇ ಮೂಡಣ ಬೆಟ್ಟಗಳಿಂದ ಬಂದಿಳಿದಿದ್ದ ಎವೆನ್ ಎಂಬ ಬೇರೆ ಜನದ ತರಾಸನಿಗೆ!

"ನಮ್ಮ ಮಾತೇ ನೆಟ್ಟಗೆ ಬರದೋನಿಗೆ ನಮ್ಮ ನಿಮಾತ್ ಏನು ಗೊತ್ತು?" ಪ್ರೊಕೋಪಿ ಎಲ್ಲರೆದುರು ಗುಡುಗಿದ.

ತರಾಸ್ ಚಾಕು ಒರೆಸುತ್ತ ನಕ್ಕ. "ನಮ್ಮಲ್ಲೂ ನಿಮಾತ್ ಅಂತಲೇ ಅಂತೀವಣ್ಣ. ಬಡಗಣದ ದೋಲ್ಗಾನ್ ಜನರೂ ಹಂಗೇ ಅಂತಾರೆ. ನೆರೆಯವನನ್ನ ಕರೆಯೋ ಪದದ ಹೊಟ್ಟೇಲೇ ಹುಟ್ಟಿದ್ದು ಅಂತಿದ್ಲು ನಮ್ಮಜ್ಜಿ."

"ಹಂಗಾದ್ರೆ ನಮ್ಮಿಂದ ಕದ್ಕೊಂಡು ಹೋಗಿದೀರಿ! ನೆರೆಯವ ನಾನು ಕಣೋ, ನೀನಲ್ಲ."

ತನ್ನ ಗುಡಾರಕ್ಕೆ ಬಂದ ಮಾಂಸದ ಪಾಲನ್ನು ಪ್ರೊಕೋಪಿ ನಾಯಿಗಳಿಗೆ ಎಸೆದ. ಹೆಂಗಸರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ಹಿಮ ಗಟ್ಟಿಯಾದ ಮೇಲೆ ಅವನಿಗೂ ಒಂದು ಸಾರಂಗ ಸಿಕ್ಕಿತು. ಯಾರನ್ನೂ ಕರೆಯಲಿಲ್ಲ, ಹಾಡಹಗಲೇ ತಾನೇ ಸುಲಿಯಲು ಕೂತ. ಆ ಹಾದಿಯಲ್ಲೇ ಬಂದ ಗೆರಾಸಿಮ್, ಮೊಣಕೈವರೆಗೆ ನೆತ್ತರಾದ ಆ ಕೈಗಳನ್ನು ಕಂಡು ಗರಬಡಿದವನಂತೆ ನಿಂತುಬಿಟ್ಟ.

"ನೀನೇ... ನೀನೇ ಸುಲಿದ್ಯೇನೋ?"

"ಹೂಂ, ನಾನೇ. ಯಾರಿಗೆ ಕೊಡ್ಲಿ? ನನಗೆ ನೆರೆಯವರೇ ಇಲ್ವಲ್ಲ!"

ಗೆರಾಸಿಮ್ ಹಿಮದ ಮೇಲೇ ಕೂತ. "ತರಾಸನ ಹೆಂಡ್ತಿ ಹೆತ್ತು ಮಲಗಿದ್ಲು ಕಣೋ. ಹಾಸೋಕೆ ಒಂದು ಚರ್ಮ ಇರ್ಲಿಲ್ಲ. ನಿನ್ಹತ್ರ ಕಂತೆಗಟ್ಟಲೆ ಬಿದ್ದಿದೆ."

ಪ್ರೊಕೋಪಿಗೆ ನಾಚಿಕೆಗಿಂತ ಮೊದಲು ಸಿಟ್ಟೇ ಬಂತು. "ಇದನ್ನ ಆವತ್ತೇ ಬೊಗಳೋಕೆ ಏನಾಗಿತ್ತು ನಿನಗೆ?"

"ಅವನ ಬಡತನಾನ ಊರಿಗೆಲ್ಲ ಸಾರ್ಲೇನು?"

ಪ್ರೊಕೋಪಿ ಹಬೆಯಾಡುವ ಚರ್ಮವನ್ನು ಎತ್ತಿ ಅವನತ್ತ ಚಾಚಿದ. "ತಗೋ ಮಾರಾಯ, ನೀನೇ ಹಂಚು."

ಗೆರಾಸಿಮ್ ಕೈ ಹಿಂದಕ್ಕೆಳೆದುಕೊಂಡ. "ಹೊಡೆದೋನೇ ಸುಲಿದ್ಮೇಲೆ ಅದು ನಿಮಾತ್ ಹೆಂಗಾಗುತ್ತೆ? ಇನ್ನೊಂದು ಹೊಡಿ. ಕರಿ, ಬರ್ತೀನಿ."

ಆ ಚಳಿಗಾಲವಿಡೀ ಪ್ರೊಕೋಪಿ ಹುಚ್ಚನಂತೆ ಕಾಡು ಅಲೆದ. ಒಂದು ಗೊರಸಿನ ಗುರುತೂ ಸಿಗಲಿಲ್ಲ. ವಸಂತದಲ್ಲಿ ನದಿ ದಾಟುತ್ತಿದ್ದ ಗೆರಾಸಿಮನ ಕಾಲಡಿ ಮಂಜುಗಡ್ಡೆ ಬಿರಿಯಿತು, ಹೆಣವೂ ಸಿಗಲಿಲ್ಲ. ಸುದ್ದಿ ತಂದ ತರಾಸನ ಕೊರಳುಪಟ್ಟಿ ಹಿಡಿದು ಪ್ರೊಕೋಪಿ, "ಸುಳ್ಳು ಹೇಳ್ಬೇಡ!" ಎಂದು ಅರಚಿದ.

ಆಮೇಲೆ ಸಾರಂಗಗಳು ಬೇಕಾದಷ್ಟು ಬಿದ್ದವು. ಒಂದನ್ನೂ ಅವನು ತಾನೇ ಸುಲಿಯಲಿಲ್ಲ. ತರಾಸನಿಗೂ ಕೊಟ್ಟ, ಗೆರಾಸಿಮನ ಹೆಂಡತಿಗೂ ಕೊಟ್ಟ. ಗೆರಾಸಿಮನಿಗೆ ಕೊಡಬೇಕಾದ ಬೇಟೆಯ ಋಣ ಮಾತ್ರ ಪ್ರೊಕೋಪಿಯ ತಲೆಯ ಮೇಲೇ ಉಳಿಯಿತು.